ತಮ್ಮನ ಗುಹೆ, ನಾನಿಯ ಹಗೇವು

ಮೈನ್‌ಕ್ರಾಫ್ಟ್ ಆಟ ಗೊತ್ತಿಲ್ಲದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಸಿಗುವುದು ಕಷ್ಟ. ಆದರೆ ಈ ಸಂಚಿಕೆಯನ್ನು ನಮ್ಮ ಸರ್, ಮೇಡಂ ಅವರೂ ಓದುವುದರಿಂದ ಮೊದಲು ಅದರ ಬಗ್ಗೆ ನಾಲ್ಕು ಮಾತು ಹೇಳಿಬಿಡುತ್ತೇನೆ. ಸ್ವೀಡನ್ ದೇಶದ ಮೊಜಾಂಗ್ ಎಂಬ ಕಂಪನಿಯ ಆಟ ಇದು. 2009ರಲ್ಲಿ ಅದರ ಮೊದಲ ರೂಪ ಬಂತು, 2011ರ ನವೆಂಬರಿನಲ್ಲಿ ಪೂರ್ತಿ ಆಟ ಬಂತು, 2014ರಲ್ಲಿ ಮೈಕ್ರೋಸಾಫ್ಟ್ ಕಂಪನಿ ಅದನ್ನು ಕೊಂಡುಕೊಂಡಿತು. ಆಟದ ಲೋಕದಲ್ಲಿ ಮಣ್ಣು, ಕಲ್ಲು, ಕಟ್ಟಿಗೆ ಎಲ್ಲವೂ ಚೌಕ ಬ್ಲಾಕುಗಳು. ಒಂದು ಬ್ಲಾಕು ಎಂದರೆ ಉದ್ದ, ಅಗಲ, ಎತ್ತರ ಒಂದೊಂದು ಮೀಟರ್. ಒಂದು ಕಡೆ ಕಿತ್ತದ್ದನ್ನು ಇನ್ನೊಂದು ಕಡೆ ಇಡಬಹುದು. ಗೆಲ್ಲಲೇಬೇಕು ಎಂಬ ಒತ್ತಾಯ ಇಲ್ಲ. ಒಬ್ಬರು ಮನೆ ಕಟ್ಟುತ್ತಾರೆ, ಒಬ್ಬರು ಹೊಲ ಮಾಡುತ್ತಾರೆ. ಎಂಟನೇ ತರಗತಿ ಓದುತ್ತಿರುವ ನನ್ನ ತಮ್ಮ ನೆಲ ಅಗೆಯುತ್ತಾನೆ.

ಅಗೆಯುವುದರಲ್ಲಿ ಏನಿದೆ ಎಂದು ನಾನೂ ಕೇಳಿದ್ದೆ. ಅವನು ಹೇಳಿದ ಪ್ರಕಾರ, ಮೊದಲೆಲ್ಲ ಆ ಆಟದ ಗುಹೆಗಳು ಇಲಿಯ ಬಿಲದ ಹಾಗೆ ಇದ್ದವು. 2021ರ ನವೆಂಬರ್ 30ರಂದು ಹೊಸ ಆವೃತ್ತಿ ಬಂತು. ನೆಲ ಮೊದಲಿಗಿಂತ 64 ಬ್ಲಾಕು ಕೆಳಕ್ಕೆ ಹೋಯಿತು, ಆಕಾಶ 64 ಬ್ಲಾಕು ಮೇಲಕ್ಕೆ ಹೋಯಿತು. ಒಟ್ಟು ಎತ್ತರ 384 ಬ್ಲಾಕು ಆಯಿತು. ಕೆಳಗೆ ಸಿಕ್ಕ ಜಾಗದಲ್ಲಿ ಒಂದು ಊರೇ ಹಿಡಿಸುವಂಥ ಗುಹೆಗಳು ಹುಟ್ಟಿಕೊಂಡವು. ಅವುಗಳನ್ನು ಯಾರೂ ಕೂತು ಒಂದೊಂದಾಗಿ ಬಿಡಿಸಿಲ್ಲ. ಗಣಿತದ ಒಂದು ಸೂತ್ರ ಎಲ್ಲಿ ಕಲ್ಲು, ಎಲ್ಲಿ ಪೊಳ್ಳು ಎಂದು ತಾನೇ ತೀರ್ಮಾನಿಸುತ್ತದೆ. ಇಂಥ ಸೂತ್ರವನ್ನು 1980ರ ದಶಕದಲ್ಲಿ ಮೊದಲು ಮಾಡಿದವರು ಅಮೆರಿಕದ ಕೆನ್ ಪರ್ಲಿನ್. ಆಟ ಮಾಡಿದವರು ಗುಹೆಯ ಆಕಾರಗಳಿಗೆ ಚೀಸ್, ಸ್ಪಗೆಟಿ, ನೂಡಲ್ ಎಂದು ತಿಂಡಿಯ ಹೆಸರಿಟ್ಟಿದ್ದಾರೆ. ನನ್ನ ತಮ್ಮ ಸ್ಪಗೆಟಿ ತಿಂದವನಲ್ಲ, ಅದಕ್ಕೇ ಅವನು ಅದನ್ನು ಶಾವಿಗೆ ಗುಹೆ ಎನ್ನುತ್ತಾನೆ.

ಈ ಗುಹೆಗಳಲ್ಲಿ ಮೂರು ಬಗೆ ಬಹಳ ಹೆಸರಾದವು. ಒಂದು ಹಸಿರು ಗುಹೆ. ಅಲ್ಲಿ ಪಾಚಿ, ಬಳ್ಳಿ, ಬೆಳಕು ಕೊಡುವ ಹಣ್ಣು, ನೀರಿನ ಹೊಂಡಗಳಲ್ಲಿ ಆಕ್ಸೊಲಾಟಲ್ ಎಂಬ ಪ್ರಾಣಿ ಇರುತ್ತದೆ. ಇದನ್ನು ಹುಡುಕಲು ಗುರುತು ಒಂದಿದೆ. ನೆಲದ ಮೇಲೆ ಅಜೇಲಿಯಾ ಮರ ಕಂಡರೆ ಅದರ ಬೇರು ಹಿಡಿದು ಕೆಳಗೆ ಅಗೆಯಬೇಕು. ಬೇರು ಸೀದಾ ಗುಹೆಗೆ ಒಯ್ಯುತ್ತದೆ. ಇದನ್ನು ಕೇಳಿದಾಗ ನನಗೆ ನಮ್ಮ ಗಜೇಂದ್ರಗಡದ ಕಾಲಕಾಲೇಶ್ವರ ಗುಡ್ಡ ನೆನಪಾಯಿತು. ಅಲ್ಲಿನ ಅಂತರಗಂಗೆಯ ನೀರು ಮರದ ಬೇರಿನ ಸಂದಿಯಿಂದ ವರ್ಷವಿಡೀ ಹರಿಯುತ್ತದೆ, ಬೇಸಿಗೆಯಲ್ಲೂ ನಿಲ್ಲುವುದಿಲ್ಲ ಎಂದು ಊರಿನವರೆಲ್ಲ ಹೇಳುತ್ತಾರೆ. ಗುಡ್ಡದ ಕಲ್ಲಿನ ಬಿರುಕುಗಳಲ್ಲಿ ಇಳಿದ ಮಳೆನೀರು ನಿಧಾನವಾಗಿ ಹೊರಗೆ ಬರುತ್ತದೆ, ಮರವೂ ಅದೇ ಬಿರುಕಿಗೆ ಬೇರು ಬಿಡುತ್ತದೆ. ಮರ ಕಂಡಲ್ಲಿ ಕೆಳಗೆ ನೀರಿದೆ ಎಂಬ ಲೆಕ್ಕ ನಮ್ಮ ಹಿರಿಯರಿಗೂ ಗೊತ್ತಿತ್ತು, ಆ ಆಟ ಮಾಡಿದವರಿಗೂ ಗೊತ್ತಿದೆ.

ಎರಡನೆಯದು ಜೋತಾಡುವ ಕಲ್ಲಿನ ಗುಹೆ. ಮೇಲಿನಿಂದ ಮೊನಚು ಕಲ್ಲು ಇಳಿದಿರುತ್ತದೆ, ಕೆಳಗಿನಿಂದ ಮೊನಚು ಕಲ್ಲು ಎದ್ದಿರುತ್ತದೆ. ನೀರು ತೊಟ್ಟಿಕ್ಕುತ್ತದೆ. ಕೆಳಗೆ ಕೊಪ್ಪರಿಗೆ ಇಟ್ಟರೆ ತುಂಬುತ್ತದೆ. ನಿಜವಾದದ್ದನ್ನು ನೋಡಬೇಕೆಂದರೆ ನಮ್ಮ ಕಡೆಯಿಂದ ಆಂಧ್ರದ ಬೆಲುಂ ಗುಹೆಗೆ ಹೋಗಬೇಕು. ಅದು 3,229 ಮೀಟರ್ ಉದ್ದವಿದೆ, ಸುಣ್ಣದ ಕಲ್ಲಿನದು. ಮಳೆನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಕರಗಿ, ಆ ಹುಳಿ ನೀರು ಸುಣ್ಣದ ಕಲ್ಲನ್ನು ಕರಗಿಸುತ್ತದೆ. ಗಾಳಿ ಇರುವಲ್ಲಿಗೆ ಬಂದಾಗ ಸುಣ್ಣವನ್ನು ಬಿಟ್ಟು ತೊಟ್ಟಿಕ್ಕುತ್ತದೆ. ಕೆಮಿಸ್ಟ್ರಿ ಪುಸ್ತಕದ ಈ ಸಮೀಕರಣ ಎಲ್ಲರಿಗೂ ಬಾಯಿಪಾಠ ಇದೆ. ಈ ಗ್ಯಾಸಿನ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಇನ್ನೊಮ್ಮೆ ಬರುತ್ತದೆ. ಬಾದಾಮಿಯಲ್ಲಿ ಇರುವುದು ಗುಹೆಯಲ್ಲವೇ ಎಂದು ಕೇಳಬೇಡಿ. ಅದು ಮರಳುಗಲ್ಲನ್ನು ಉಳಿಯಿಂದ ಕಡಿದು ಮಾಡಿದ್ದು. ನೀರು ಮಾಡಿದ ಗುಹೆ ಬೇರೆ, ಮನುಷ್ಯ ಮಾಡಿದ್ದು ಬೇರೆ.

ಮೂರನೆಯದು ಕಗ್ಗತ್ತಲೆಯ ಗುಹೆ. ಅದು 2022ರ ಜೂನ್‌ನಲ್ಲಿ ಬಂತು. ಅಲ್ಲಿ ವಾರ್ಡನ್ ಎಂಬ ದೈತ್ಯ ಇದ್ದಾನೆ. ಅವನಿಗೆ ಕಣ್ಣಿಲ್ಲ, ಹೆಜ್ಜೆಯ ಕಂಪನದಿಂದ ನಿಮ್ಮನ್ನು ಹಿಡಿಯುತ್ತಾನೆ. ಉಣ್ಣೆಯ ಬ್ಲಾಕಿನ ಮೇಲೆ ನಡೆದರೆ ಅವನಿಗೆ ಗೊತ್ತಾಗುವುದಿಲ್ಲ. ನನ್ನ ನಾನಿ ಇದನ್ನು ಕೇಳಿ, ನಿಮ್ಮ ನಾನಾ ಕೂಡ ಹೀಗೇ ಇದ್ದರು, ಮಧ್ಯಾಹ್ನ ಮಲಗಿದಾಗ ಬೆಕ್ಕು ನಡೆದರೂ ಎದ್ದು ಕೂರುತ್ತಿದ್ದರು ಎಂದರು.

ಇಷ್ಟೆಲ್ಲ ಬರೆದದ್ದು ನಾನಿಯ ಮನೆಗೆ ಬರಲು. ನಾನಿಯ ಮನೆ ನರಗುಂದದಲ್ಲಿದೆ. ಗಜೇಂದ್ರಗಡದಿಂದ ರೋಣಕ್ಕೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಹೋಗುತ್ತೇವೆ. ನರಗುಂದ ಎಂದ ಕೂಡಲೇ ಎಲ್ಲರೂ ಗುಡ್ಡ ನೋಡುತ್ತಾರೆ, 1858ರ ಬಾಬಾಸಾಹೇಬರ ಬಂಡಾಯದ ಮಾತು ತೆಗೆಯುತ್ತಾರೆ. ಗುಡ್ಡದ ಬುಡದಲ್ಲಿರುವ ಮನೆಗಳ ಕೆಳಗೆ ಏನಿದೆ ಎಂಬುದು ಯಾವ ಪಾಠದಲ್ಲೂ ಇಲ್ಲ.

ಕಳೆದ ಕೆಲವು ವರ್ಷಗಳಿಂದ ನರಗುಂದ ಊರೊಳಗೆ ನೆಲ ಕುಸಿಯುತ್ತಿರುವ ಸುದ್ದಿಯನ್ನು ನೀವೂ ಓದಿರುತ್ತೀರಿ. ರಾತ್ರಿ ಸರಿಯಾಗಿದ್ದ ಪಡಸಾಲಿಯಲ್ಲಿ ಬೆಳಿಗ್ಗೆ ಬಾವಿಯಂಥ ತಗ್ಗು. ಓಣಿಯ ರಸ್ತೆಯಲ್ಲಿ ಇದ್ದಕ್ಕಿದ್ದ ಹಾಗೆ ಗುಂಡಿ. ಇದಕ್ಕೆ ಮುಖ್ಯವಾಗಿ ಎರಡು ಕಾರಣ ಹೇಳುತ್ತಾರೆ. ಹಳೆಯ ಮನೆಗಳ ಅಡಿಯಲ್ಲಿ ಉಳಿದಿರುವ ಹಗೇವುಗಳು ಒಂದು. ಮೇಲಕ್ಕೆ ಬಂದಿರುವ ಅಂತರ್ಜಲ ಇನ್ನೊಂದು.

ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಈಗಿನ ಹುಡುಗರಲ್ಲಿ ಬಹಳ ಮಂದಿಗೆ ಶಬ್ದವೇ ಗೊತ್ತಿಲ್ಲ. ನಾನು ನಮ್ಮ ಕ್ಲಾಸಿನಲ್ಲಿ ಕೇಳಿ ನೋಡಿದೆ, ಹಳ್ಳಿಯಿಂದ ಬರುವ ಇಬ್ಬರು ಮಾತ್ರ ಕೈ ಎತ್ತಿದರು. ಅದರ ಆಕಾರ ಮಣ್ಣಿನ ಗಡಿಗೆಯ ಹಾಗೆ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಕಣಕಿ, ಹೊಟ್ಟು ಹಾಕಿ ಜೋಳ ಸುರಿಯುತ್ತಿದ್ದರು. ಮೇಲೆ ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗೆ ಕಾಳು ಉಸಿರಾಡುತ್ತದೆ. ಇದ್ದ ಆಮ್ಲಜನಕ ಖರ್ಚಾಗಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳು ಬದುಕುವುದಿಲ್ಲ. ಔಷಧಿ ಇಲ್ಲದೆ ಜೋಳ ವರ್ಷಗಟ್ಟಲೆ ಉಳಿಯುತ್ತಿತ್ತು. ಬರಗಾಲದ ನಾಡಿನಲ್ಲಿ ಇದು ಎಷ್ಟು ದೊಡ್ಡ ವಿದ್ಯೆ ಎಂದು ಯೋಚಿಸಿ. ಆದರೆ ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಕೊಲ್ಲುತ್ತದೆ. ಕಾರ್ಬನ್ ಡೈಆಕ್ಸೈಡಿನ ಅಣುತೂಕ 44, ಗಾಳಿಯದು ಸರಾಸರಿ 29. ಒಂದೂವರೆ ಪಟ್ಟು ಭಾರ ಇರುವುದರಿಂದ ಅದು ತಳದಲ್ಲೇ ಕೂತಿರುತ್ತದೆ, ಬಾಯಿ ತೆಗೆದ ಮಾತ್ರಕ್ಕೆ ಹೊರಗೆ ಹೋಗುವುದಿಲ್ಲ. ತೆಗೆದ ಕೂಡಲೇ ಇಳಿದು ಸತ್ತವರ ಕತೆ ನಮ್ಮ ಕಡೆಯ ಹಳ್ಳಿಗಳಲ್ಲಿ ಬೇಕಾದಷ್ಟಿವೆ.

ಹಗೇವು ಬಿದ್ದುಹೋದದ್ದು ಹೇಗೆ ಎಂದು ನಾನಿ ಒಂದೇ ಮಾತಿನಲ್ಲಿ ಹೇಳುತ್ತಾರೆ: ಕಾಲುವೆ ಬಂತು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, 1970ರ ದಶಕದಲ್ಲಿ ನೀರು ನರಗುಂದದ ಹೊಲಗಳಿಗೆ ಬರತೊಡಗಿತು. 1980ರ ರೈತ ಬಂಡಾಯ ಈ ನೀರಿನ ಕರದ ಸಲುವಾಗಿಯೇ ಆದದ್ದು, ಅದು ಬೇರೆ ಕತೆ. ನೀರು ಬಂದ ಮೇಲೆ ನಮ್ಮ ಹಗೇವಿನ ತಳ ಪಸೆ ಹಿಡಿಯಿತು, ಜೋಳ ಮುಗ್ಗಿತು, ಒಂದು ವರ್ಷ ಪೂರ್ತಿ ದನಕ್ಕೆ ಹಾಕಬೇಕಾಯಿತು ಎಂದು ನಾನಿ ನೆನೆಸುತ್ತಾರೆ. ಆಮೇಲೆ ಗೋಣಿಚೀಲ ಬಂತು, ಮನೆಯಲ್ಲಿ ಕೋಣೆ ಬಂತು. ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣು ಹಾಕಿ, ಫರ್ಸಿ ಹೊಂದಿಸಿ ಎಲ್ಲರೂ ಮರೆತರು. ಹೊಟ್ಟೆಯನ್ನು ಯಾರೂ ತುಂಬಲಿಲ್ಲ.

ಹೋದ ಚಳಿಗಾಲದಲ್ಲಿ ನಾನಿಯ ಮನೆಯಿಂದ ಎರಡು ಓಣಿ ಆಚೆ ಒಂದು ಮನೆಯ ನೆಲ ಕುಸಿಯಿತು. ಯಾರಿಗೂ ಏನೂ ಆಗಲಿಲ್ಲ. ಮಾಮು ಅಂದೇ ಅಮ್ಮಿಗೆ ಫೋನ್ ಮಾಡಿದರು. ನಾನಿಯನ್ನು ಗಜೇಂದ್ರಗಡಕ್ಕೆ ಕರೆತರುವುದು ಎಂದು ಎಲ್ಲರೂ ಮಾತಾಡಿಕೊಂಡರು. ನಾನಿ ಒಪ್ಪಲಿಲ್ಲ. ಮದುವೆಯಾಗಿ ಬಂದ ದಿನದಿಂದ ಇದ್ದ ಮನೆ, ನಾನಾ ತೀರಿಕೊಂಡ ಮನೆ. "ಜೋಳ ಇದ್ದಾಗ ಬೀಳದ್ದು ಈಗ ಬೀಳುತ್ತದೆಯೇ" ಎಂದರು. ಜೋಳ ಇದ್ದುದಕ್ಕೇ ಬಿದ್ದಿರಲಿಲ್ಲ ಎಂಬುದನ್ನು ಅವರಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮನೆ ನೋಡಲು ಬಂದ ಇಂಜಿನಿಯರ್ ಒಬ್ಬರು, ಹಗೇವು ಎಲ್ಲಿದೆ ಎಂದು ಸರಿಯಾಗಿ ತೋರಿಸಿದರೆ ತೆಗೆದು ತುಂಬಿಸಬಹುದು, ಗೊತ್ತಿಲ್ಲದಿದ್ದರೆ ಮನೆಯ ಅಷ್ಟೂ ಫರ್ಸಿ ಕೀಳಬೇಕಾಗುತ್ತದೆ ಎಂದರು. ಮಾಮು ಹುಟ್ಟುವ ಮೊದಲೇ ಅದನ್ನು ಮುಚ್ಚಿದ್ದರು. ಕಂಡವರು ನಾನಿ ಒಬ್ಬರೇ.

ನಾನಿಗೆ ಗೊತ್ತಿತ್ತು, ಆದರೆ ತೋರಿಸಲು ಬರಲಿಲ್ಲ. "ಗ್ವಾದಲಿಯ ಮುಂದೆ" ಎಂದರು. ಈಗ ಗ್ವಾದಲಿ ಎಲ್ಲಿದೆ? ದನ ಕಟ್ಟುವ ಜಾಗ ಹೋಗಿ ಕೋಣೆ ಆಗಿದೆ. ನಡುವಿನ ಗೋಡೆ ಸರಿದಿದೆ. ಆರು ಕಂಬಗಳಲ್ಲಿ ಎರಡೇ ಉಳಿದಿವೆ. ಮಾಮು ಹಾಳೆಯ ಮೇಲೆ ನಕ್ಷೆ ಬರೆದು ತೋರಿಸಿದರು. ನಾನಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದರಲ್ಲಿ ನಮ್ಮ ಮನೆ ಎಲ್ಲಿದೆ ಎಂದು ಕೇಳಿದರು. ನಕ್ಷೆ ಎಂದರೆ ಮೇಲಿನಿಂದ ಹಕ್ಕಿ ನೋಡಿದ ಹಾಗೆ. ತನ್ನ ಮನೆಯನ್ನು ಯಾವ ಹೆಂಗಸು ಮೇಲಿನಿಂದ ನೋಡಿರುತ್ತಾಳೆ?

ಬೇಸಿಗೆ ರಜೆಯಲ್ಲಿ ನಾವಿಬ್ಬರೂ ನರಗುಂದಕ್ಕೆ ಹೋದಾಗ ತಮ್ಮನೇ ಹೇಳಿದ, "ಆಪಾ, ಒಂದು ಬ್ಲಾಕು ಒಂದು ಮೀಟರ್ ಅಲ್ವಾ, ಮನೆ ಕಟ್ಟಿಬಿಡೋಣ." ಟೇಪು ಹಿಡಿದು ಮನೆ ಅಳೆದೆವು. ಹನ್ನೊಂದು ಮೀಟರ್ ಉದ್ದ, ಏಳು ಮೀಟರ್ ಅಗಲ. ಆಟದಲ್ಲಿ ಸಪಾಟು ಲೋಕ ಎಂದು ಒಂದಿದೆ, ಆದರೆ ಅದರಲ್ಲಿ ಹುಲ್ಲಿನ ಕೆಳಗೆ ಎರಡು ಪದರ ಮಣ್ಣು ಬಿಟ್ಟರೆ ಅಗೆಯಲಾರದ ಕಲ್ಲೇ. ಹಗೇವು ತೋಡಲು ಆಳ ಸಾಲದು. ಆದ್ದರಿಂದ ಸಾಧಾರಣ ಲೋಕದಲ್ಲೇ ಒಂದು ಬಯಲು ಹುಡುಕಿದ. ಒಂದು ಸಂಜೆಯಲ್ಲಿ ಈಗಿನ ಮನೆ ಎದ್ದು ನಿಂತಿತು. ಮರುದಿನದಿಂದ ನಾನಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಈಗಿನ ಮನೆಯನ್ನು ಕೆಡವುತ್ತ ಹಳೆಯ ಮನೆ ಕಟ್ಟತೊಡಗಿದೆವು.

ಇಲ್ಲಿ ನಕ್ಷೆಯ ತೊಂದರೆ ಇರಲಿಲ್ಲ. ಹೊಸ್ತಿಲು ದಾಟಿ ಒಳಗೆ ನಡೆದ ಹಾಗೇ ಕಾಣುತ್ತದೆ. ನಾನಿ ಮೂಗಿನ ತುದಿಗೆ ಚಾಳೀಸು ಇಳಿಸಿಕೊಂಡು, ಸಣ್ಣ ಮೊಬೈಲಿನೊಳಗೆ, "ನಿಲ್ಲು, ಮುಂದೆ ಹೋಗು, ಎಡಕ್ಕೆ ನೋಡು" ಎಂದು ಹೇಳತೊಡಗಿದರು. ಈ ಗೋಡೆ ಇರಲಿಲ್ಲ ಎಂದರು, ತೆಗೆದೆವು. ಕಂಬ ಇಷ್ಟು ದಪ್ಪ ಇರಲಿಲ್ಲ ಎಂದರು. ಆಟದಲ್ಲಿ ಮೀಟರಿಗಿಂತ ತೆಳುವಾದ ಕಂಬಕ್ಕೆ ಬೇಲಿಯ ಗೂಟ ಹಾಕಬೇಕು, ಹಾಕಿದ. ಎಮ್ಮೆ ಎಲ್ಲಿ ಎಂದರು. ಆಟದಲ್ಲಿ ಎಮ್ಮೆ ಇಲ್ಲ, ಹಸು ಇದೆ. ಒಂದು ಹಸು ತಂದು ನಿಲ್ಲಿಸಿದ. ಅದು ಸುಮ್ಮನೆ ನಿಲ್ಲದೆ ಮನೆಯೆಲ್ಲ ತಿರುಗಾಡಿತು. ನಾನಿ ಬಹಳ ಹೊತ್ತು ನಕ್ಕರು.

ಆಮೇಲೆ ಅವರೇ ಕೇಳಿದರು, "ದೀಪದ ಮಾಡ ಎಲ್ಲಿದೆ?" ಬಾಗಿಲಿನ ಬಲಗಡೆ ಗೋಡೆಯಲ್ಲಿ ಒಂದು ಮಾಡ ಇತ್ತಂತೆ. ಆ ಗೋಡೆ ಈಗಲೂ ಇದೆ, ಮಾಡಕ್ಕೆ ಗಾರೆ ತುಂಬಿದ್ದಾರೆ. ತಮ್ಮ ಅಲ್ಲೊಂದು ಬ್ಲಾಕು ತೆಗೆದು ಪಂಜು ಇಟ್ಟ. ನಾನಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಗೇವಿನಿಂದ ಜೋಳ ತೆಗೆಯುವ ದಿನ ಅವರು ಆ ಮಾಡದ ಕೆಳಗೆ ಮೊರ ಹಿಡಿದು ನಿಲ್ಲುತ್ತಿದ್ದರಂತೆ. ಒಳಗಿಳಿದ ಆಳು ಮೇಲೆ ಬುಟ್ಟಿ ಎತ್ತಿಕೊಟ್ಟರೆ ಅವರು ಎರಡು ಹೆಜ್ಜೆಯಲ್ಲಿ ಹೋಗಿ ಇಸಿದುಕೊಳ್ಳುತ್ತಿದ್ದರು. ಮೂರು ಹೆಜ್ಜೆ ಇಟ್ಟರೆ ಎಮ್ಮೆ ಒದೆಯುತ್ತಿತ್ತು. "ಎರಡೇ ಹೆಜ್ಜೆ, ಗೂಟದ ಕಡೆಗೆ" ಎಂದು ಮೊಬೈಲಿನ ಗಾಜಿನ ಮೇಲೆ ಬೆರಳಿಟ್ಟರು.

ಎಷ್ಟು ದೊಡ್ಡದಿತ್ತು ಎಂಬುದಕ್ಕೆ ಅವರ ಹತ್ತಿರ ಒಂದೇ ಲೆಕ್ಕ ಇತ್ತು: ಅರವತ್ತು ಚೀಲ. ಚೀಲಕ್ಕೆ ಒಂದು ಕ್ವಿಂಟಲ್ ಎಂದರೆ 6,000 ಕಿಲೋ. ಒಂದು ಘನ ಮೀಟರಿನಲ್ಲಿ ಸುಮಾರು 750 ಕಿಲೋ ಜೋಳ ಹಿಡಿಯುತ್ತದೆ ಎಂದು ಇಟ್ಟುಕೊಂಡು ಭಾಗಿಸಿದೆ. 8 ಘನ ಮೀಟರ್ ಬಂತು. ತಮ್ಮನ ಮುಖ ಸಪ್ಪೆಯಾಯಿತು. "ಬರೀ ಎಂಟು ಬ್ಲಾಕಾ?" ಅವನು ಒಂದು ನಿಮಿಷದಲ್ಲಿ ಅದಕ್ಕಿಂತ ಹೆಚ್ಚು ಅಗೆಯುತ್ತಾನೆ. ಕಣಕಿ, ಹೊಟ್ಟಿನ ಜಾಗ ಸೇರಿಸಿ ಎರಡು ಮೀಟರ್ ಅಗಲ, ಮೂರು ಮೀಟರ್ ಆಳ ತೋಡಿದೆವು. ಅದು ಅಲ್ಲಿಗೇ ನಿಲ್ಲಲಿಲ್ಲ. ಒಂದು ಏಟು ಹೆಚ್ಚಾಗಿ ತಳ ತೂತಾಯಿತು, ಕೆಳಗೆ ನೋಡಿದರೆ ಪಾಚಿ, ಬಳ್ಳಿ, ಬೆಳಗುವ ಹಣ್ಣು. ನಾನಿಯ ಮನೆಯ ಅಡಿಯಲ್ಲಿ ದೊಡ್ಡದೊಂದು ಹಸಿರು ಗುಹೆ! ನಾನಿಗೆ ತೋರಿಸಬೇಡ ಎಂದು ಅವನ ಕೈಯಿಂದ ಫೋನು ಕಸಿದುಕೊಂಡೆ.

ಆ ರಾತ್ರಿ ಅಂಗಳದಲ್ಲಿ ಮಲಗಿ ನಾನು ಯೋಚಿಸಿದ್ದು ಇದನ್ನೇ. ಆಟದಲ್ಲಿ ಅಷ್ಟು ದೊಡ್ಡ ಪೊಳ್ಳಿನ ಮೇಲೆ ಮನೆ ಅಲ್ಲಾಡದೆ ನಿಲ್ಲುತ್ತದೆ. ಕೆಳಗಿನ ಕಲ್ಲನ್ನೆಲ್ಲ ತೆಗೆದರೂ ಮೇಲಿನ ಕಲ್ಲು ಗಾಳಿಯಲ್ಲಿ ಇರುತ್ತದೆ. ಮರಳು, ಜಲ್ಲಿಯಂಥ ಕೆಲವು ಮಾತ್ರ ಬೀಳುತ್ತವೆ. ನಮ್ಮ ಕರಿಮಣ್ಣಿಗೆ ಆ ಆಟದಲ್ಲಿ ಯಾವ ಗುಣ ಕೊಡಬೇಕೋ! ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಇಳಿಯುವಷ್ಟು ಬಿರಿಯುತ್ತದೆ. ಅದಕ್ಕೆ ಎಂಟು ಬ್ಲಾಕಿನ ಪೊಳ್ಳು ಸಾಕು. ಮತ್ತೆ, ಆಟದಲ್ಲಿ ಎಷ್ಟು ಆಳಕ್ಕೆ ಹೋದರೂ ಪಂಜು ಆರುವುದಿಲ್ಲ. ನೀರಿನಲ್ಲಿ ಮುಳುಗಿದರೆ ಉಸಿರು ಕಟ್ಟುತ್ತದೆ, ಆದರೆ ಕೆಟ್ಟ ಗಾಳಿ ಎಂಬುದೇ ಅಲ್ಲಿಲ್ಲ.

ಮಾಮು ನಾವು ತೋರಿಸಿದ ಜಾಗವನ್ನು ಟೇಪಿನಿಂದ ಅಳೆದು ಸೀಮೆಸುಣ್ಣದ ಗುರುತು ಹಾಕಿದರು. ಗೌಂಡಿ ಬಂದು ಫರ್ಸಿ ಎಬ್ಬಿಸಿ ಹಾರೆಯಿಂದ ಕುಟ್ಟಿದರು. ಮೊದಲು ಗಟ್ಟಿ ಸದ್ದು. ಒಂದು ಮೊಳ ಆಚೆ ಕುಟ್ಟಿದಾಗ ಡಬ್ ಎಂದಿತು. ಎರಡು ಅಡಿ ಮಣ್ಣು ತೆಗೆದ ಮೇಲೆ ಚಪ್ಪಡಿ ಸಿಕ್ಕಿತು. ಅಂದರೆ ನಾನಿಯ ಬೆರಳಿಗೂ ಹಗೇವಿನ ಬಾಯಿಗೂ ಒಂದೇ ಮೊಳದ ವ್ಯತ್ಯಾಸ. ನೋಡಲು ಓಣಿಯೇ ಸೇರಿತು. ಎದುರು ಮನೆಯ ಅಜ್ಜಾರು ಕೋಲೂರಿಕೊಂಡು ಬಂದು ಎಲ್ಲರನ್ನೂ ಹಿಂದೆ ಸರಿಸಿದರು. "ಹಗೇವ ತೆಗದ ಕೂಡ್ಲೆ ಇಣುಕಿ ಸೈತ ನೋಡಬ್ಯಾಡ್ರಿ. ಎರಡ ದಿನಾ ಗಾಳಿ ಆಡ್ಲಿ. ಆಮ್ಯಾಲೆ ಕಂದೀಲು ಬಿಡ್ರಿ" ಎಂದರು.

ಅವರ ಮಾತಿನಂತೆ ಬಾಯಿಯ ಸುತ್ತ ಹಗ್ಗ ಕಟ್ಟಿ ಬಿಟ್ಟೆವು. ಆದರೂ ತಮ್ಮನ ಆಸೆಗೆ ಮಾಮು ಮೊದಲ ದಿನವೇ ದೂರ ನಿಂತು ಉದ್ದ ಕೋಲಿಗೆ ಕಂದೀಲು ಕಟ್ಟಿ ಇಳಿಬಿಟ್ಟರು. ಅರ್ಧಕ್ಕೆ ಹೋಗುವುದರೊಳಗೆ ಜ್ವಾಲೆ ಸಣ್ಣದಾಗಿ ಆರಿತು. ಗಾಳಿ ಬೀಸಿ ಆರಿದ ಹಾಗೆ ಅಲ್ಲ. ಯಾರೋ ಮೆಲ್ಲಗೆ ಬತ್ತಿ ಇಳಿಸಿದ ಹಾಗೆ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಗ್ಯಾಸ್ ಜಾರಿಗೆ ಕಡ್ಡಿ ಹಿಡಿದು ನೋಡಿದ್ದೇನೆ, ಆಗ ಭಯವಾಗಿರಲಿಲ್ಲ. ಮೂರನೆಯ ದಿನ ಕಂದೀಲು ತಳದವರೆಗೆ ಉರಿಯುತ್ತ ಹೋಯಿತು. ಒಳಗೆ ಮೊಣಕಾಲುದ್ದ ನೀರು ಮಿಂಚಿತು. ಒಂದು ಕಡೆಯ ಗೋಡೆ ಕರಗಿ, ಹೊಟ್ಟೆ ನಾನಿ ಮಲಗುವ ಹೊರಸಿನ ಕಡೆಗೆ ಬೆಳೆದಿತ್ತು. ಮಾಮು ಅದನ್ನು ನೋಡಿ ಏನೂ ಹೇಳದೆ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತರು.

ಇಂಜಿನಿಯರ್ ಹೇಳಿದಂತೆ ಯಾರೂ ಒಳಗಿಳಿಯದೆ ನೀರನ್ನು ಪಂಪಿನಿಂದ ತೆಗೆದರು. ಬಾಯಿಯನ್ನು ಅಗಲ ಮಾಡಿ ಹೊಟ್ಟೆಯ ಮೇಲಿನ ಮಣ್ಣನ್ನೆಲ್ಲ ಒಡೆದರು, ಇಲ್ಲದಿದ್ದರೆ ಮೂಲೆಗಳು ಪೊಳ್ಳಾಗಿಯೇ ಉಳಿಯುತ್ತವಂತೆ. ತಳಕ್ಕೆ ಕಲ್ಲು, ಮೇಲೆ ಗರಸು, ಪದರ ಪದರವಾಗಿ ಬಡಿದರು. ನಾಲ್ಕು ದಿನ ಹಿಡಿಯಿತು. ಎಂಟು ಘನ ಮೀಟರ್ ಎಂದು ನಾನು ಲೆಕ್ಕ ಹಾಕಿದ್ದಕ್ಕೆ ಎರಡು ಪಟ್ಟಿಗಿಂತ ಹೆಚ್ಚು ಗರಸು, ಕಲ್ಲು ಬೇಕಾಯಿತು. ಉಳಿದದ್ದನ್ನು ನೀರು ತಿಂದಿತ್ತು. ಚಪ್ಪಡಿಯನ್ನು ಎಸೆಯಲು ನಾನಿ ಬಿಡಲಿಲ್ಲ. ಅದೀಗ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು.

ನಾನಿ ಗಜೇಂದ್ರಗಡಕ್ಕೆ ಬರಲಿಲ್ಲ. ಬರುವ ಮಾತೂ ಈಗ ನಿಂತಿದೆ. ಆದರೆ ನಾವು ಬಸ್ಸು ಹತ್ತುವ ದಿನ, ಚಹಾ ಕುಡಿಯುತ್ತ, ಇನ್ನೊಂದು ಇತ್ತಲ್ಲ ಎಂದರು. ನಾನಾನ ಅಣ್ಣನ ಪಾಲಿಗೆ ಹೋದ ಭಾಗದಲ್ಲಿ, ಇದಕ್ಕಿಂತ ದೊಡ್ಡದು, ನೂರು ಚೀಲದ್ದು. ಆ ಭಾಗ ಈಗ ಮೂರು ಮನೆಗಳಾಗಿದೆ, ಮೂರರಲ್ಲೂ ಬೇರೆ ಬೇರೆ ಜನ ಇದ್ದಾರೆ. ಅವರಲ್ಲಿ ಒಬ್ಬರ ಅಜ್ಜಿ ಅದು ಅಡುಗೆಮನೆಯ ಕೆಳಗೆ ಎನ್ನುತ್ತಾರೆ, ನಾನಿ ಅಂಗಳದಲ್ಲಿ ಎನ್ನುತ್ತಾರೆ. ತಮ್ಮ ಟೇಪನ್ನು ಬ್ಯಾಗಿನಲ್ಲೇ ಇಟ್ಟುಕೊಂಡಿದ್ದಾನೆ. ದಸರಾ ರಜೆಯಲ್ಲಿ ಇಬ್ಬರು ಅಜ್ಜಿಯರನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿ ಕೇಳುವುದು ಎಂದು ತೀರ್ಮಾನವಾಗಿದೆ. ನಮ್ಮ ಓದುಗರಲ್ಲಿ ರೋಣ, ನರಗುಂದದ ಹಳೆಯ ಮನೆಗಳಿಂದ ಬರುವವರು ಯಾರಾದರೂ ಇದ್ದರೆ, ನಿಮ್ಮ ಮನೆಯ ಹಿರಿಯರನ್ನು ದೀಪದ ಮಾಡ ಎಲ್ಲಿತ್ತು ಎಂದು ಮೊದಲು ಕೇಳಿ, ಗೋಡೆಯಿಂದ ಹೆಜ್ಜೆ ಎಣಿಸಿ ಬರೆದಿಟ್ಟುಕೊಳ್ಳಿ.